ಅಪ್ಪ ಅಮ್ಮನ ಜೊತೆ ಆರೆಗಾನ್ ಕಡಲತೀರಕ್ಕೆ ಆರ್‌ವಿ ಪ್ರವಾಸ: ಫೋರ್ಟ್ ಸ್ಟೀವನ್ಸ್ ಹೇಗೆ?

ಹಿಲ್ಸ್‌ಬರೋ ಹೇಮಾ

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಗೆ ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಜುಲೈ ಎರಡನೇ ವಾರ ನಾದಿನಿಯ ಸಂಸಾರ ಸಿಯಾಟಲ್‌ನಿಂದ ಬರುತ್ತದೆ. ಎಲ್ಲರೂ ಸೇರಿ ಕಡಲತೀರದಲ್ಲಿ ಮೂರು ನಾಲ್ಕು ದಿನ ಇರೋಣ ಅಂತ ಆಸೆ. ನಾವು ನಾಲ್ವರು, ಅವರು ಮೂವರು, ಅಪ್ಪ ಅಮ್ಮ. ಒಟ್ಟು ಒಂಬತ್ತು ಜನ. ನನ್ನ ಮಕ್ಕಳಿಗೆ 4 ಮತ್ತು 9 ವರ್ಷ.

ಅಮ್ಮನಿಗೆ ಮಂಡಿನೋವು. ಟೆಂಟಿನಲ್ಲಿ ನೆಲದ ಮೇಲೆ ಮಲಗಿ ಏಳಲು ಆಗುವುದಿಲ್ಲ. ರಾತ್ರಿ ಬಾತ್‌ರೂಮಿಗೂ ಏಳುತ್ತಾರೆ. ಅದಕ್ಕೇ ಆರ್‌ವಿ (ಒಳಗೇ ಹಾಸಿಗೆ, ಒಲೆ, ಬಾತ್‌ರೂಮ್ ಇರುವ ದೊಡ್ಡ ಗಾಡಿ) ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ. ನಮ್ಮ ಯಜಮಾನರ ಪ್ಲಾನ್ ಏನೆಂದರೆ, 30 ಅಡಿ ಗಾಡಿ, ಅಸ್ಟೋರಿಯಾದಿಂದ ಶುರು, ದಿನಕ್ಕೊಂದು ಪಾರ್ಕು, ನ್ಯೂಪೋರ್ಟ್ ತನಕ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ನಮ್ಮಿಬ್ಬರಲ್ಲಿ ಯಾರೂ ಇಷ್ಟು ದೊಡ್ಡ ಗಾಡಿ ಓಡಿಸಿಲ್ಲ.

ಇನ್ನೂ ಜನವರಿ, ಸಮಯ ಇದೆ ಅಲ್ವಾ? ಅಸ್ಟೋರಿಯಾ ಹತ್ತಿರದ ಫೋರ್ಟ್ ಸ್ಟೀವನ್ಸ್ ಸ್ಟೇಟ್ ಪಾರ್ಕ್ ಹೇಗೆ ಅಂತಲೂ ಗೊತ್ತಿರುವವರು ಹೇಳಿ.

ಬೀವರ್ಟನ್ ಭಟ್ಟ

ಸಮಯ ಇಲ್ಲ ಮೇಡಂ! ಆರೆಗಾನ್ ಸ್ಟೇಟ್ ಪಾರ್ಕುಗಳ ಬುಕಿಂಗ್ ಸರಿಯಾಗಿ 6 ತಿಂಗಳು ಮೊದಲು ತೆರೆಯುತ್ತದೆ. ಜುಲೈ 8ಕ್ಕೆ ಸೈಟು (ಗಾಡಿ ನಿಲ್ಲಿಸಿ ಉಳಿಯುವ ಜಾಗ) ಬೇಕಿದ್ದರೆ ಜನವರಿ 8ರಂದೇ ಕೂರಬೇಕು. ಜುಲೈನ ಶುಕ್ರವಾರ ಶನಿವಾರಗಳು ನೋಡುನೋಡುತ್ತಿದ್ದಂತೆ ಖಾಲಿಯಾಗುತ್ತವೆ. ಬುಧವಾರದಿಂದ ಶನಿವಾರದವರೆಗೆ ಹುಡುಕಿದರೆ ಸಿಗುವ ಸಾಧ್ಯತೆ ಜಾಸ್ತಿ.

ಹೆಚ್ಚಿನವರು ಮೊದಲು ಗಾಡಿ ನೋಡುತ್ತಾರೆ, ಆಮೇಲೆ ಸೈಟು ಹುಡುಕುತ್ತಾರೆ. ನನ್ನ ಪ್ರಕಾರ ಇದು ಉಲ್ಟಾ. ಬಾಡಿಗೆ ಗಾಡಿ ಏಪ್ರಿಲ್‌ನಲ್ಲೂ ಸಿಗುತ್ತದೆ, ಸೈಟು ಸಿಗುವುದಿಲ್ಲ. ಪ್ರತಿ ಸೈಟಿಗೂ ಇಷ್ಟು ಅಡಿ ಅಂತ ಉದ್ದದ ಮಿತಿ ಬರೆದಿರುತ್ತಾರೆ. ಸೈಟು ಕೈಗೆ ಬಂದ ಮೇಲೆ ಅದಕ್ಕೆ ತಕ್ಕ ಗಾಡಿ ತೆಗೆದುಕೊಳ್ಳಿ.

ಫೋರ್ಟ್ ಸ್ಟೀವನ್ಸ್ ನಿಮಗೆ ಚೆನ್ನಾಗಿ ಹೊಂದುತ್ತದೆ. ಅಮೆರಿಕದ ತುಂಬಾ ದೊಡ್ಡ ಕ್ಯಾಂಪ್‌ಗ್ರೌಂಡುಗಳಲ್ಲಿ ಅದೂ ಒಂದು. ನೀರು, ಕರೆಂಟು, ಕೊಳಚೆ ಪೈಪು ಮೂರೂ ಇರುವ ಫುಲ್ ಹುಕಪ್ ಸೈಟುಗಳು ನೂರಕ್ಕೂ ಮೇಲೆ ಇವೆ. ವಯಸ್ಸಾದವರು ಜೊತೆಗಿದ್ದರೆ ಫುಲ್ ಹುಕಪ್ಪನ್ನೇ ಹಿಡಿಯಿರಿ. ಕಾರಣ ಆಮೇಲೆ ಬರೆಯುತ್ತೇನೆ, ಊಟದ ಹೊತ್ತಿನಲ್ಲಿ ಬೇಡ.

ಇನ್ನೊಂದು ವಿಷಯ. ಒಂದು ಸೈಟಿಗೆ 8 ಜನ ಮಾತ್ರ. ನೀವು ಒಂಬತ್ತು. ಎರಡು ಸೈಟು ಬೇಕೇ ಬೇಕು. ಹೊರ ರಾಜ್ಯದವರು ಆರ್‌ವಿ ಸೈಟು ಹಿಡಿದರೆ ಶೇ 25 ಜಾಸ್ತಿ ಕೊಡಬೇಕು, 2022ರ ಜುಲೈಯಿಂದ ಬಂದ ನಿಯಮ. ನಾದಿನಿ ತಮ್ಮ ಸೈಟನ್ನು ವಾಷಿಂಗ್ಟನ್ ವಿಳಾಸದಲ್ಲಿ ಬುಕ್ ಮಾಡುವಾಗ ಗಾಬರಿಯಾಗಬಾರದು ಅಂತ ಹೇಳಿದೆ.

ಕಾಮಾಕ್ಷಿ ಪಿಡಿಎಕ್ಸ್

ಹೇಮಾ, ನಾದಿನಿಯವರಿಗೆ ಇನ್ನೊಂದು ಆರ್‌ವಿ ಯಾಕೆ? ಅದೇ ಪಾರ್ಕಿನಲ್ಲಿ ಯರ್ಟ್ ಇದೆ. ದುಂಡಗಿನ ಗಟ್ಟಿ ಗುಡಾರ, ಮರದ ನೆಲ, ಬೀಗ ಹಾಕುವ ಬಾಗಿಲು. ಒಳಗೆ ಬಂಕ್ ಬೆಡ್ಡು, ಮಡಚುವ ಸೋಫಾ, ಹೀಟರು, ಲೈಟು. ಮೂರು ಜನಕ್ಕೆ ಧಾರಾಳ. ಸ್ಟೇಟ್ ಪಾರ್ಕಿನಲ್ಲಿ ಯರ್ಟ್ ಹಾಕುವ ಪದ್ಧತಿ ಶುರುವಾದದ್ದೇ ನಮ್ಮ ಆರೆಗಾನ್‌ನಲ್ಲಿ, 1994ರಲ್ಲಿ, ಕೇಪ್ ಲುಕೌಟ್ ಪಾರ್ಕಿನಿಂದ.

ಆದರೆ ಅಪ್ಪ ಅಮ್ಮನನ್ನು ಯರ್ಟಿನಲ್ಲಿ ಮಲಗಿಸಬೇಡಿ. ಒಳಗೆ ಬಾತ್‌ರೂಮ್ ಇರುವುದಿಲ್ಲ. ರಾತ್ರಿ ಟಾರ್ಚ್ ಹಿಡಿದು ನಡೆಯಬೇಕು. ಒಳಗೆ ಅಡುಗೆಯನ್ನೂ ಮಾಡುವಂತಿಲ್ಲ. ಯರ್ಟುಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಆರ್‌ವಿ ಸೈಟಿಗಿಂತ ಬೇಗ ಹೋಗುತ್ತವೆ. ಬುಕಿಂಗ್ ದಿನ ಮೊದಲು ಯರ್ಟ್ ಹಿಡಿದು ಆಮೇಲೆ ಸೈಟಿಗೆ ಹೋಗಿ. ಇಬ್ಬರು ಎರಡು ಲ್ಯಾಪ್‌ಟಾಪಿನಲ್ಲಿ ಕೂತರೆ ಇನ್ನೂ ಒಳ್ಳೆಯದು.

ರಸ್ತೆ ರಂಗಣ್ಣ

ನಾನು ಯಜಮಾನರ ಪರ. ಆರ್‌ವಿ ತೆಗೆದುಕೊಂಡು ಒಂದೇ ಕಡೆ ನಿಲ್ಲಿಸುವುದಾದರೆ ಅದಕ್ಕೆ ಚಕ್ರ ಯಾಕೆ? ಸೀಸೈಡ್‌ನಲ್ಲಿ ಹೋಟೆಲ್ ಮಾಡಿ ಮಲಗಿ. ಕಡಲತೀರದ ಉದ್ದಕ್ಕೂ ಹೋಗುವ ಹೈವೇ 101ರ ಮಜಾ ಇರುವುದೇ ಓಡಾಟದಲ್ಲಿ. ಇವತ್ತು ಅಸ್ಟೋರಿಯಾ, ನಾಳೆ ನೆಹೇಲಮ್ ಬೇ, ನಾಡಿದ್ದು ಬೆವರ್ಲಿ ಬೀಚ್. ಅಪ್ಪ ಅಮ್ಮ ಅಷ್ಟು ದೂರದಿಂದ ಬಂದಿದ್ದಾರೆ, ಒಂದೇ ಮರದ ಕೆಳಗೆ ಕೂರಿಸಬೇಡಿ.

ಬೀವರ್ಟನ್ ಭಟ್ಟ

ರಂಗಣ್ಣ, ನೀವು ಇಬ್ಬರೇ ಹೋಗುವವರು, ನಿಮ್ಮ ಲೆಕ್ಕ ಬೇರೆ. ಇವರ ಲೆಕ್ಕ ನೋಡಿ. ಸೈಟಿಗೆ ಸಂಜೆ 4ಕ್ಕೆ ಒಳಗೆ, ಮಧ್ಯಾಹ್ನ 1ಕ್ಕೆ ಹೊರಗೆ. ಹೊರಡುವ ಮೊದಲು ಟ್ಯಾಂಕ್ ಖಾಲಿ ಮಾಡಬೇಕು, ಪೈಪು ಕಳಚಬೇಕು, ಕೇಬಲ್ ಸುತ್ತಬೇಕು, ಪ್ರತಿ ಡಬ್ಬಿಯನ್ನೂ ಅಲ್ಲಾಡದಂತೆ ಇಡಬೇಕು. ಹೊಸ ಜಾಗದಲ್ಲಿ ಗಾಡಿ ಸಮ ಮಾಡಿ ಎಲ್ಲವನ್ನೂ ತಿರುಗಿ ಜೋಡಿಸಬೇಕು. ಹೊಸಬರಿಗೆ ಬಿಚ್ಚುವುದಕ್ಕೆ ಒಂದು ಗಂಟೆ, ಹೂಡುವುದಕ್ಕೆ ಒಂದು ಗಂಟೆ. ದಿನಾ ಇದೇ ಆದರೆ ಅಪ್ಪ ಅಮ್ಮ ನೋಡುವುದು ಸಮುದ್ರವನ್ನಲ್ಲ, ಅಳಿಯ ಪೈಪು ಸುತ್ತುವುದನ್ನು.

ಅಸ್ಟೋರಿಯಾದಿಂದ ನ್ಯೂಪೋರ್ಟ್‌ಗೆ 101ರಲ್ಲಿ 130 ಮೈಲಿಗೂ ಮೇಲೆ. ಕಾರಿನಲ್ಲೇ ಮೂರು ಗಂಟೆ ದಾಟುತ್ತದೆ. ತಿರುವು, ಏರು, ಊರೂರಿಗೆ ಸಿಗ್ನಲ್ಲು. ಹೊಸ ಡ್ರೈವರ್ ಆರ್‌ವಿಯಲ್ಲಿ ಇನ್ನೂ ನಿಧಾನ.

ನಾನು ಹೇಳುವುದು ಇಷ್ಟೇ. ಆರ್‌ವಿಯನ್ನು ಮನೆ ಅಂದುಕೊಳ್ಳಿ, ಗಾಡಿ ಅಂದುಕೊಳ್ಳಬೇಡಿ. ಒಂದೇ ಪಾರ್ಕು, ಮೂರು ರಾತ್ರಿ. ನಾದಿನಿ ಕಾರಿನಲ್ಲಿ ಬರುತ್ತಾರೆ, ನಿಮ್ಮದೂ ಒಂದು ಕಾರನ್ನು ಯಾರಾದರೂ ಓಡಿಸಿಕೊಂಡು ಬನ್ನಿ. ಸುತ್ತಾಟವೆಲ್ಲ ಕಾರಿನಲ್ಲಿ. ಕ್ಯಾನನ್ ಬೀಚಿನಲ್ಲಿ ಶನಿವಾರ ಮಧ್ಯಾಹ್ನ ಕಾರಿಗೇ ಪಾರ್ಕಿಂಗ್ ಸಿಗುವುದಿಲ್ಲ, ಇನ್ನು ಆರ್‌ವಿ!

ರಸ್ತೆ ರಂಗಣ್ಣ

ಭಟ್ಟರು ಹೇಳುವುದರಲ್ಲಿ ಅರ್ಧ ಒಪ್ಪುತ್ತೇನೆ. ನಾಲ್ಕು ವರ್ಷದ ಮಗು ಇದೆ ಅನ್ನುವುದನ್ನು ಗಮನಿಸಿರಲಿಲ್ಲ. ಆದರೂ ಎರಡು ಪಾರ್ಕು, ಎರಡೆರಡು ರಾತ್ರಿ ಮಾಡಬಹುದು. ನನ್ನ ವೋಟು ಅದಕ್ಕೇ.

ಹಿಲ್ಸ್‌ಬರೋ ಹೇಮಾ

ಯಜಮಾನರಿಗೆ ಓದಿ ಹೇಳಿದೆ. "ಅಳಿಯ ಪೈಪು ಸುತ್ತುವುದು" ಅನ್ನುವಲ್ಲಿ ಸ್ವಲ್ಪ ಯೋಚನೆ ಮಾಡಿದರು. ಯರ್ಟ್ ವಿಷಯ ನಾದಿನಿಗೆ ತುಂಬಾ ಇಷ್ಟ ಆಯಿತು. ಹಾಗಾದರೆ ಆರ್‌ವಿಯಲ್ಲಿ ನಾವು ಆರು ಜನ. 30 ಅಡಿ ಬೇಕಾ, 25 ಸಾಕಾ?

ತುಮಕೂರು ಟೂ ಟಿಗಾರ್ಡ್

25 ಸಾಕು. ಆದರೆ ಮಲಗುವ ಲೆಕ್ಕ ಮಾತ್ರ ನೋಡಬೇಡಿ, ಸೀಟ್ ಬೆಲ್ಟ್ ಎಣಿಸಿ. "ಆರು ಜನ ಮಲಗಬಹುದು" ಅಂತ ಬರೆದ ಗಾಡಿಯಲ್ಲಿ ಬೆಲ್ಟು ಐದೇ ಇರಬಹುದು. ಮಗುವಿನ ಕಾರ್ ಸೀಟನ್ನು ಮುಂದಕ್ಕೆ ಮುಖ ಮಾಡಿರುವ ಸೀಟಿಗೇ ಕಟ್ಟಬೇಕು, ಪಕ್ಕಕ್ಕೆ ಅಥವಾ ಹಿಂದಕ್ಕೆ ತಿರುಗಿರುವ ಬೆಂಚಿಗಲ್ಲ. ನಿಮ್ಮ ಹತ್ತಿರ ಕಾರು ಇರುವುದರಿಂದ ಮಕ್ಕಳನ್ನು ಕಾರಿನಲ್ಲೇ ಕೂರಿಸಿ. ತಲೆನೋವು ಅಲ್ಲಿಗೇ ಮುಗಿಯಿತು. ಗಾಡಿ ಓಡುವಾಗ ಹಿಂದೆ ಎದ್ದು ಕಾಫಿ ಬೆರೆಸುವ ಯೋಚನೆ ಯಾರಿಗೂ ಬೇಡ. ಎಲ್ಲರೂ ಬೆಲ್ಟು ಹಾಕಿ ಕೂತಿರಬೇಕು.

ಅಮ್ಮನ ಮಂಡಿಗೆ ಸಂಬಂಧಿಸಿ ಎರಡು ವಿಷಯ. ಬುಕ್ ಮಾಡುವ ಮೊದಲು ಒಳಗಿನ ನಕ್ಷೆ ನೋಡಿ. ಕೆಲವು ಗಾಡಿಗಳಲ್ಲಿ ಹಿಂದಿನ ಹಾಸಿಗೆ ಮೂಲೆಗೆ ಅಂಟಿಕೊಂಡಿರುತ್ತದೆ. ಗೋಡೆ ಕಡೆ ಮಲಗಿದವರು ಇನ್ನೊಬ್ಬರನ್ನು ದಾಟಿ ಇಳಿಯಬೇಕು. ಎರಡೂ ಕಡೆಯಿಂದ ಇಳಿಯುವ ಹಾಸಿಗೆಯದ್ದನ್ನೇ ಕೇಳಿ. ಇನ್ನು ಬಾಗಿಲಿನ ಮೆಟ್ಟಿಲು ಎತ್ತರ. ಗಟ್ಟಿಯಾದ ಒಂದು ಸ್ಟೂಲ್ ತಂದು ಕೆಳಗೆ ಇಟ್ಟರೆ ಅನುಕೂಲ.

ಡ್ರೈವರ್ ಸೀಟಿನ ಮೇಲಿನ ಅಟ್ಟದ ಹಾಸಿಗೆಗೆ ಮಕ್ಕಳು ಜಗಳ ಆಡುತ್ತಾರೆ. ನಾಲ್ಕು ವರ್ಷದವನಿಗೆ ಅದು ಬೇಡ. ಬೀಳುತ್ತಾನೆ.

ಬಾಡಿಗೆ ಕಂಪನಿಯವರು ಹೇಳುವ ದಿನದ ಬಾಡಿಗೆಯನ್ನು ನಂಬಿ ಕೂರಬೇಡಿ. ಮೈಲಿಗಿಷ್ಟು, ಜನರೇಟರ್ ಗಂಟೆಗಿಷ್ಟು, ಪಾತ್ರೆ ಹಾಸಿಗೆ ಸೆಟ್ಟಿಗಿಷ್ಟು, ಒಂದೊಂದಾಗಿ ಸೇರುತ್ತದೆ. ನಿಮ್ಮ ಕಾರಿನ ಇನ್ಶೂರೆನ್ಸು ಬಾಡಿಗೆ ಆರ್‌ವಿಗೆ ಅನ್ವಯಿಸುತ್ತದಾ ಅಂತ ಫೋನ್ ಮಾಡಿ ಕೇಳಿ. ಕ್ರೆಡಿಟ್ ಕಾರ್ಡಿನ ಬಾಡಿಗೆ ಕಾರ್ ವಿಮೆಯಲ್ಲಿ ಸಾಮಾನ್ಯವಾಗಿ ಆರ್‌ವಿ ಬರುವುದೇ ಇಲ್ಲ. ಗಾಡಿ ತೆಗೆದುಕೊಳ್ಳುವಾಗ ಸುತ್ತಲೂ, ಚಾವಣಿಯ ಅಂಚನ್ನೂ ಸೇರಿಸಿ ವಿಡಿಯೋ ಮಾಡಿ. ನನ್ನ ಗೆಳೆಯನಿಗೆ ಹಳೆಯ ಗೀರೊಂದಕ್ಕೆ ಬಿಲ್ ಬಂದಿತ್ತು, ವಿಡಿಯೋ ತೋರಿಸಿದ ಮೇಲೆ ಸುಮ್ಮನಾದರು.

ಪೆಟ್ರೋಲು ಗ್ಯಾಲನ್‌ಗೆ 8ರಿಂದ 10 ಮೈಲಿ. ಹಿಲ್ಸ್‌ಬರೋದಿಂದ ಹೋಗಿ ಬರಲು ಸುಮಾರು 200 ಮೈಲಿ ಹಿಡಿಯಿರಿ. ಅಂದರೆ 20ರಿಂದ 25 ಗ್ಯಾಲನ್. ಬಂಕಿನಲ್ಲಿ ತಲೆಯ ಮೇಲಿನ ಚಾವಣಿ ಎತ್ತರ ನೋಡಿಕೊಂಡು ಒಳಗೆ ಹೋಗಿ, ಆರ್‌ವಿ 11-12 ಅಡಿ ಎತ್ತರ ಇರುತ್ತದೆ. ಮೊದಲ ದಿನ ಯಾವುದಾದರೂ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅರ್ಧ ಗಂಟೆ ತಿರುಗಿಸಿ. ತಿರುಗುವಾಗ ಗಾಡಿಯ ಬಾಲ ಹೊರಗೆ ಬೀಸುತ್ತದೆ, ಅದರ ಅಂದಾಜು ಸಿಗಬೇಕು.

ಕಾಮಾಕ್ಷಿ ಪಿಡಿಎಕ್ಸ್

ದಾರಿ ಹೈವೇ 26 ಹಿಡಿಯದೆ 30ರಲ್ಲಿ ಹೋಗಲಿ. 26ರಲ್ಲಿ ಬೆಟ್ಟ ದಾಟಬೇಕು, ಬೇಸಿಗೆಯ ಶುಕ್ರವಾರ ಸಂಜೆ ಪೂರ್ತಿ ಜಾಮ್. 30 ಸ್ವಲ್ಪ ಸುತ್ತು, ಆದರೆ ಕೊಲಂಬಿಯಾ ನದಿಯ ಜೊತೆಜೊತೆಗೇ ಅಸ್ಟೋರಿಯಾಕ್ಕೆ ಕರೆದೊಯ್ಯುತ್ತದೆ.

ಮಲ್ಪೆ ಮಾಣಿ

ಸಮುದ್ರದ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಾನು ಕಡಲ ಮಗ, ಹೇಳಿಬಿಡುತ್ತೇನೆ. ಅಪ್ಪ ಅಮ್ಮನಿಗೆ "ಬೀಚು" ಅಂದರೆ ಮಲ್ಪೆ, ಮುರುಡೇಶ್ವರ ಕಣ್ಣ ಮುಂದೆ ಬರುತ್ತದೆ. ಇದು ಅದಲ್ಲ. ಜುಲೈನಲ್ಲೂ ನೀರು 11ರಿಂದ 14 ಡಿಗ್ರಿ ಸೆಲ್ಸಿಯಸ್. ಕಾಲಿಟ್ಟರೆ ಜುಂ ಅನ್ನುತ್ತದೆ. ಬೇಸಿಗೆಯಲ್ಲಿ ಇಲ್ಲಿ ಉತ್ತರದ ಗಾಳಿ ಬೀಸಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ, ಆಳದ ತಣ್ಣೀರು ಮೇಲೆ ಬರುತ್ತದೆ. ಮಂಜು ಕವಿಯುವುದೂ ಅದರಿಂದಲೇ. ಪೋರ್ಟ್‌ಲ್ಯಾಂಡ್ ಕಾದ ಹೆಂಚಿನಂತಿದ್ದಾಗ ಅಲ್ಲಿ ಸ್ವೆಟರ್ ಬೇಕು. ಮಧ್ಯಾಹ್ನ 65 ಫ್ಯಾರನ್‌ಹೀಟ್ ಇದ್ದರೆ ಒಳ್ಳೆಯ ದಿನ. ಅಮ್ಮನಿಗೆ ಶಾಲು, ಕಾಲುಚೀಲ, ಅಪ್ಪನಿಗೆ ಮಂಕಿ ಕ್ಯಾಪು. ನಾಚಿಕೆ ಬೇಡ.

ಈಜುವ ಆಸೆ ಇದ್ದರೆ ಪಾರ್ಕಿನ ಒಳಗೇ ಕಾಫೆನ್‌ಬರಿ ಕೆರೆ ಇದೆ. ನೀರು ಸಮುದ್ರಕ್ಕಿಂತ ಬೆಚ್ಚಗೆ. ಸುತ್ತ ನಡೆಯುವ ದಾರಿಯೂ ಇದೆ.

ಸಮುದ್ರದಲ್ಲಿ ಎರಡು ಅಪಾಯ. ಇದ್ದಕ್ಕಿದ್ದಂತೆ ಬಂದು ಮೇಲಿನ ತನಕ ಏರುವ ಅಲೆ. ಇಲ್ಲಿ ಸ್ನೀಕರ್ ವೇವ್ ಅನ್ನುತ್ತಾರೆ. ನೀರಿಗೆ ಬೆನ್ನು ಹಾಕಿ ಫೋಟೋ ತೆಗೆಯಬೇಡಿ. ಇನ್ನೊಂದು, ದಡದಲ್ಲಿ ಬಿದ್ದಿರುವ ದೊಡ್ಡ ಮರದ ದಿಮ್ಮಿ. ಮಕ್ಕಳು ಹತ್ತಿ ಆಡಲು ಹೋಗುತ್ತಾರೆ. ಕೆಲವೇ ಅಂಗುಲ ನೀರು ಬಂದರೂ ಟನ್ ತೂಕದ ದಿಮ್ಮಿ ಉರುಳುತ್ತದೆ. ಮನುಷ್ಯರು ಸತ್ತಿದ್ದಾರೆ. ಒದ್ದೆ ಮರಳಿನ ಮೇಲಿರುವ ದಿಮ್ಮಿ ಹತ್ತಲು ಬಿಡಲೇಬೇಡಿ.

ಮತ್ತೆ, ನನ್ನಂಥವರಿಗೆ: ಅಲ್ಲಿ ರೇಜರ್ ಕ್ಲ್ಯಾಮ್ ಸಿಗುತ್ತದೆ, ನಮ್ಮ ಮರುವಾಯಿ ಚಿಪ್ಪುಮೀನಿನ ಉದ್ದನೆಯ ದಾಯಾದಿ. ಕ್ಲಾಟ್ಸಪ್ ತೀರದಲ್ಲಿ ಜುಲೈ 15ರಿಂದ ಸೆಪ್ಟೆಂಬರ್ 30ರ ತನಕ ಬಂದ್. ಉಳಿದ ಕಾಲದಲ್ಲಿ 12 ವರ್ಷ ಮೇಲ್ಪಟ್ಟವರಿಗೆ ಲೈಸೆನ್ಸ್ ಬೇಕು.

ಹಿಲ್ಸ್‌ಬರೋ ಹೇಮಾ

ನಾವು ಸಸ್ಯಾಹಾರಿಗಳು ಅಣ್ಣ. ನಮ್ಮದು ಪುಳಿಯೋಗರೆ ಪಾರ್ಟಿ. ಅಡುಗೆ ವಿಷಯವೇ ದೊಡ್ಡ ಚಿಂತೆ. ಅಮ್ಮನಿಗೆ ಬೆಳಿಗ್ಗೆ ಬಿಸಿ ತಿಂಡಿ ಆಗಲೇಬೇಕು. ಮಿಕ್ಸಿ ತರುತ್ತೇನೆ ಅನ್ನುತ್ತಿದ್ದಾರೆ.

ಸಾವಿತ್ರಕ್ಕನ ಒಗ್ಗರಣೆ

ಬೇಡ ಅನ್ನಿ! ಊರಿನ ಮಿಕ್ಸಿ 230 ವೋಲ್ಟಿನದು, ಇಲ್ಲಿನ 120ಕ್ಕೆ ಸರಿಯಾಗಿ ಓಡುವುದಿಲ್ಲ. ಚಟ್ನಿ ಮನೆಯಲ್ಲೇ ರುಬ್ಬಿ ತೆಗೆದುಕೊಂಡು ಹೋಗಿ.

ಆರ್‌ವಿ ಒಲೆ ಗ್ಯಾಸಿನದು, ಎರಡು ಮೂರು ಬರ್ನರು, ಉರಿ ಸಣ್ಣ. ಕುಕ್ಕರ್ ಇಡಬಹುದು, ಅನ್ನ ಬೇಳೆಗೆ ತೊಂದರೆ ಇಲ್ಲ. ಒಗ್ಗರಣೆ ಮಾತ್ರ ಒಳಗೆ ಬೇಡ. ಒಣಮೆಣಸಿನಕಾಯಿ ಬಿದ್ದ ಕ್ಷಣ ಹೊಗೆಯ ಅಲಾರಾಂ ಕೂಗುತ್ತದೆ, ಅಷ್ಟು ಚಿಕ್ಕ ಜಾಗದಲ್ಲಿ ಆರೂ ಜನ ಕೆಮ್ಮುತ್ತಾರೆ. ಹಾಸಿಗೆಗೆ ಇಂಗಿನ ವಾಸನೆ ಹಿಡಿದರೆ ವಾಪಸ್ ಕೊಡುವಾಗ ಕ್ಲೀನಿಂಗ್ ಚಾರ್ಜು ಹಾಕಬಹುದು. ಪ್ರತಿ ಸೈಟಿನಲ್ಲೂ ಪಿಕ್ನಿಕ್ ಟೇಬಲ್ ಇರುತ್ತದೆ. ಎರಡು ಬರ್ನರಿನ ಕ್ಯಾಂಪ್ ಸ್ಟವ್ ಅದರ ಮೇಲಿಟ್ಟು ಒಗ್ಗರಣೆ, ದೋಸೆ, ಕಾಫಿ ಎಲ್ಲ ಅಲ್ಲೇ. ಗಾಳಿ ಜೋರು, ಮೂರು ಕಡೆ ಮರೆ ಇರುವ ಸ್ಟವ್ವೇ ತೆಗೆದುಕೊಳ್ಳಿ.

ದೋಸೆ ಹಿಟ್ಟು ಮನೆಯಲ್ಲೇ ಹುಳಿ ಬಂದಿರಲಿ. ಅಲ್ಲಿನ ಚಳಿಗೆ ರಾತ್ರಿ ಇಟ್ಟರೆ ಬೆಳಿಗ್ಗೆ ಇಟ್ಟ ಹಾಗೇ ಇರುತ್ತದೆ. ಫ್ರಿಜ್ಜು ಚಿಕ್ಕದು. ಬಹಳಷ್ಟು ಆರ್‌ವಿ ಫ್ರಿಜ್ಜು ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಗಾಡಿ ವಾಲಿ ನಿಂತಿದ್ದರೆ ಅದು ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ. ಹಾಲು ಮೊಸರಿಗೆ ಒಂದು ಐಸ್ ಪೆಟ್ಟಿಗೆ ಬೇರೆ ಇರಲಿ.

ಮೊದಲ ರಾತ್ರಿ ಅಡುಗೆಯೇ ಬೇಡ. ಗಾಡಿ ಹೂಡುವಷ್ಟರಲ್ಲಿ ಎಲ್ಲರಿಗೂ ಹಸಿವು, ಎಲ್ಲರಿಗೂ ಕೋಪ. ಚಪಾತಿ ಪಲ್ಯ, ಮೊಸರನ್ನ ಕಟ್ಟಿಕೊಂಡು ಹೋಗಿ. ಮಾರನೇ ದಿನದಿಂದ ಉಪ್ಪಿಟ್ಟು, ಅವಲಕ್ಕಿ, ಗೊಜ್ಜು ಕಲಸಿದ ಅನ್ನ. ಚಟ್ನಿಪುಡಿ ಡಬ್ಬಿ ಇದ್ದರೆ ಅರ್ಧ ಸಂಸಾರ ನಡೆಯುತ್ತದೆ. ತಿಂದಾದ ಮೇಲೆ ಏನನ್ನೂ ಹೊರಗೆ ಬಿಡಬೇಡಿ. ರಕೂನ್ ಬರುತ್ತದೆ, ಡಬ್ಬಿ ಮುಚ್ಚಳ ತೆಗೆಯುವುದು ಅದಕ್ಕೆ ಚೆನ್ನಾಗಿ ಗೊತ್ತು.

ಕರೆಂಟಿನ ಮಾತು: 25 ಅಡಿ ಗಾಡಿಗೆ ಸಾಮಾನ್ಯವಾಗಿ 30 ಆಂಪ್ ಕನೆಕ್ಷನ್. 120 ವೋಲ್ಟಿಗೆ ಗುಣಿಸಿದರೆ 3600 ವ್ಯಾಟ್. ಅಮ್ಮನಿಗೆ ಚಳಿ ಅಂತ 1500ರ ಹೀಟರು, ಪಕ್ಕದಲ್ಲಿ 1800ರ ಇಂಡಕ್ಷನ್, ಅದರ ಮೇಲೆ ಯಾರೋ ಮೈಕ್ರೋವೇವ್ ಒತ್ತಿದರೆ ಟಪ್ ಅಂತ ಹೋಗುತ್ತದೆ. ಗಾಡಿಯಲ್ಲಿ ಗ್ಯಾಸಿನ ಹೀಟರ್ ಇದ್ದೇ ಇರುತ್ತದೆ, ಅದನ್ನೇ ಬಳಸಿ.

ಬೀವರ್ಟನ್ ಭಟ್ಟ

ಊಟ ಮುಗಿದಿದ್ದರೆ ಈಗ ಟ್ಯಾಂಕಿನ ಕಥೆ.

ಗಾಡಿಯಲ್ಲಿ ಮೂರು ಟ್ಯಾಂಕು. ಒಳ್ಳೆಯ ನೀರಿಗೆ ಒಂದು, ಸಿಂಕು ಮತ್ತು ಸ್ನಾನದ ನೀರಿಗೆ ಒಂದು, ಕಕ್ಕಸಿನದು ಒಂದು. ಕೊನೆಯದಕ್ಕೆ ಕಪ್ಪು, ಮಧ್ಯದ್ದಕ್ಕೆ ಬೂದು ಅನ್ನುತ್ತಾರೆ. ಫುಲ್ ಹುಕಪ್ ಇದ್ದಾಗ ಹೊಸಬರು ಎರಡೂ ವಾಲ್ವನ್ನು ತೆರೆದೇ ಇಟ್ಟುಬಿಡುತ್ತಾರೆ. ಹಾಗೆ ಮಾಡಿದರೆ ನೀರೆಲ್ಲ ಹರಿದು ಗಟ್ಟಿ ಪದಾರ್ಥ ಕೆಳಗೇ ಗುಡ್ಡೆ ಕೂರುತ್ತದೆ. ಕಪ್ಪು ವಾಲ್ವ್ ಮುಚ್ಚಿರಲಿ. ಮುಕ್ಕಾಲು ತುಂಬಿದ ಮೇಲೆ ಒಂದೇ ಸಲ ಬಿಡಿ. ಮೊದಲು ಕಪ್ಪು, ಆಮೇಲೆ ಬೂದು. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ.

ನಮ್ಮವರು ಚೊಂಬು ಬಳಸುವುದು ಇಲ್ಲಿ ವರವೇ. ಕಪ್ಪು ಟ್ಯಾಂಕಿಗೆ ನೀರು ಜಾಸ್ತಿ ಬಿದ್ದಷ್ಟೂ ಒಳ್ಳೆಯದು. ಆದರೆ ಬೇಗ ತುಂಬುತ್ತದೆ, ಅದಕ್ಕೇ ಫುಲ್ ಹುಕಪ್ ಅಂತ ಹಟ ಹಿಡಿದದ್ದು. ಅದಿಲ್ಲದಿದ್ದರೆ ಮಧ್ಯದಲ್ಲಿ ಗಾಡಿ ಎಬ್ಬಿಸಿಕೊಂಡು ಕೊಳಚೆ ಸುರಿಯುವ ಡಂಪ್ ಸ್ಟೇಷನ್ನಿಗೆ ಹೋಗಬೇಕು. ಒಳಗೆ ಆರ್‌ವಿ ಟಾಯ್ಲೆಟ್ ಪೇಪರ್ ಮಾತ್ರ. ಒದ್ದೆ ವೈಪ್ಸ್ ಹಾಕಬೇಡಿ.

ಕುಡಿಯುವ ನೀರಿನ ಪೈಪು ಬಿಳಿಯದು, ಅದೇ ಕೆಲಸಕ್ಕೆ ಮೀಸಲು. ಕೊಳಚೆ ಪೈಪು ತೊಳೆಯಲು ಬೇರೆ ಪೈಪು. ಕೈಗವಸು ಒಂದು ಡಬ್ಬಿ ಇರಲಿ. ಎರಡೂ ಪೈಪನ್ನು ಒಂದೇ ಕಪಾಟಿನಲ್ಲಿ ಇಟ್ಟಿದ್ದನ್ನು ನಿಮ್ಮ ಅಮ್ಮ ನೋಡಿದರೆ ಮೂರು ದಿನ ನೀರು ಕುಡಿಯುವುದಿಲ್ಲ, ನಾನು ಬರೆದುಕೊಡುತ್ತೇನೆ.

ಸ್ನಾನವನ್ನು ಪಾರ್ಕಿನ ಬಾತ್‌ರೂಮಿನಲ್ಲಿ ಮಾಡಿ. ಬಿಸಿನೀರು ಧಾರಾಳ, ದುಡ್ಡು ಕೊಡಬೇಕಿಲ್ಲ. ಗಾಡಿಯ ಬಿಸಿನೀರಿನ ಟ್ಯಾಂಕು ಆರೇ ಗ್ಯಾಲನ್ನಿನಷ್ಟು, ಎರಡನೆಯವರಿಗೆ ತಣ್ಣೀರೇ ಗತಿ.

ಹಿಲ್ಸ್‌ಬರೋ ಹೇಮಾ

ಭಟ್ಟರೇ, ಕಪಾಟಿನ ಮಾತು ನೂರಕ್ಕೆ ನೂರು ನಿಜ. ಬೇರೆ ಬೇರೆ ಚೀಲ ಈಗಲೇ ತೆಗೆದಿಟ್ಟೆ. ಇನ್ನು ಅಲ್ಲಿ ನೋಡುವುದಕ್ಕೆ ಏನಿದೆ? ಅಪ್ಪ ಇತಿಹಾಸದ ಮೇಷ್ಟ್ರಾಗಿದ್ದವರು.

ಕಾಮಾಕ್ಷಿ ಪಿಡಿಎಕ್ಸ್

ಹಾಗಿದ್ದರೆ ಅಪ್ಪನಿಗೆ ಹಬ್ಬ. ಬೀಚಿನಲ್ಲಿ ಪೀಟರ್ ಐರೆಡೇಲ್ ಹಡಗಿನ ಅಸ್ಥಿಪಂಜರ ಇದೆ. ನಾಲ್ಕು ಕೂವೆಮರದ ಬ್ರಿಟಿಷ್ ಉಕ್ಕಿನ ಹಡಗು, 1906ರ ಅಕ್ಟೋಬರ್ 25ರಂದು ದಡಕ್ಕೆ ಬಡಿಯಿತು. ಯಾರೂ ಸಾಯಲಿಲ್ಲ. ಇಳಿತದ ಹೊತ್ತು ನೋಡಿಕೊಂಡು ಹೋದರೆ ಹತ್ತಿರ ನಿಲ್ಲಬಹುದು. ಕ್ಯಾಂಪಿನಿಂದ ಸುಮಾರು ಒಂದು ಮೈಲಿ, ಅಮ್ಮನನ್ನು ಕಾರಿನಲ್ಲಿ ಕರೆದೊಯ್ಯಿರಿ. ಅಂದಹಾಗೆ ಸೈಟಿನಿಂದ ಸಮುದ್ರ ಕಾಣುವುದಿಲ್ಲ, ಮರಗಳೇ. ಇದನ್ನು ಮೊದಲೇ ಎಲ್ಲರಿಗೂ ಹೇಳಿಡಿ.

ಅಲ್ಲೇ ಬ್ಯಾಟರಿ ರಸಲ್ ಅನ್ನುವ ಕಾಂಕ್ರೀಟ್ ಕೋಟೆ. 1942ರ ಜೂನ್ 21ರ ರಾತ್ರಿ ಜಪಾನಿನ ಐ-25 ಜಲಾಂತರ್ಗಾಮಿ ಇದರ ಮೇಲೆ ಗುಂಡು ಹಾರಿಸಿತು. ಕೋಟೆಯವರು ತಿರುಗಿ ಹೊಡೆಯಲಿಲ್ಲ, ತಮ್ಮ ಜಾಗ ಗೊತ್ತಾಗಬಾರದು ಅಂತ. ಮಕ್ಕಳಿಗೆ ಕತ್ತಲೆ ಕೋಣೆಗಳಲ್ಲಿ ಓಡಾಡುವುದೇ ಖುಷಿ. ಮೇಲೆ ಕಟಕಟೆ ಇಲ್ಲದ ಅಂಚುಗಳಿವೆ, ಚಿಕ್ಕವನ ಕೈ ಬಿಡಬೇಡಿ.

ಕಾರಿನಲ್ಲಿ ಒಂದು ದಿನ ಅಸ್ಟೋರಿಯಾ. ಬೆಟ್ಟದ ಮೇಲಿನ ಕಂಬಕ್ಕೆ 164 ಮೆಟ್ಟಿಲು. ಅಮ್ಮ ಹತ್ತಬೇಕಿಲ್ಲ, ಕೆಳಗಿನಿಂದಲೇ ನದಿ ಸಮುದ್ರ ಸೇರುವುದು ಕಾಣುತ್ತದೆ. ಮಕ್ಕಳಿಗೆ ಹಗುರ ಮರದ ಪುಟ್ಟ ವಿಮಾನ ಕೊಡಿಸಿ, ಮೇಲಿನಿಂದ ಹಾರಿಸುತ್ತಾರೆ. ಪಕ್ಕದಲ್ಲೇ ಫೋರ್ಟ್ ಕ್ಲಾಟ್ಸಪ್. ಅಮೆರಿಕದ ಪಶ್ಚಿಮವನ್ನು ಅನ್ವೇಷಿಸಿದ ಲೂಯಿಸ್ ಮತ್ತು ಕ್ಲಾರ್ಕ್ 1805-06ರ ಚಳಿಗಾಲ ಕಳೆದ ಜಾಗ. ಇನ್ನೊಂದು ದಿನ ಕ್ಯಾನನ್ ಬೀಚು. 235 ಅಡಿ ಎತ್ತರದ ಹೇಸ್ಟ್ಯಾಕ್ ಬಂಡೆಯ ಮೇಲೆ ಜುಲೈ ತನಕ ಪಫಿನ್ ಹಕ್ಕಿಗಳಿರುತ್ತವೆ. ಬೈನಾಕ್ಯುಲರ್ ಮರೆಯಬೇಡಿ.

ರಸ್ತೆ ರಂಗಣ್ಣ

ಅಸ್ಟೋರಿಯಾದಿಂದ ನಾಲ್ಕು ಮೈಲಿ ಉದ್ದದ ಸೇತುವೆ ದಾಟಿ ವಾಷಿಂಗ್ಟನ್ ಕಡೆಯ ಕೇಪ್ ಡಿಸಪಾಯಿಂಟ್‌ಮೆಂಟಿಗೂ ಹೋಗಿ ಬನ್ನಿ. ಎರಡು ಲೈಟ್‌ಹೌಸು. ಓಡಾಟಕ್ಕೆ ನನ್ನ ಪಾಲು ಇದು. ಅಲ್ಲಿ ಕಾರು ನಿಲ್ಲಿಸಲು ವಾಷಿಂಗ್ಟನ್‌ನ ಡಿಸ್ಕವರ್ ಪಾಸ್ ಬೇಕು, ನಾದಿನಿ ಸಿಯಾಟಲ್‌ನವರಾದ್ದರಿಂದ ಅವರ ಹತ್ತಿರ ಇದ್ದರೂ ಇರಬಹುದು.

ಹಿಲ್ಸ್‌ಬರೋ ಹೇಮಾ

ಪಾಸ್ ಇದೆಯಂತೆ, ಕೇಳಿದೆ. ಬುಕಿಂಗೂ ಆಯಿತು. ಜುಲೈ 8ರಿಂದ ಮೂರು ರಾತ್ರಿ, ಒಂದು ಫುಲ್ ಹುಕಪ್ ಸೈಟು, ಒಂದು ಯರ್ಟ್. ಎರಡೂ ಬೇರೆ ಬೇರೆ ಲೂಪಿನಲ್ಲಿ (ಕ್ಯಾಂಪಿನ ಸುತ್ತುದಾರಿಯಲ್ಲಿ) ಸಿಕ್ಕಿವೆ, ಪಕ್ಕಪಕ್ಕ ಸಿಗಲಿಲ್ಲ. ಯಜಮಾನರು ನ್ಯೂಪೋರ್ಟ್ ಆಸೆಯನ್ನು ಸೆಪ್ಟೆಂಬರಿಗೆ ಮುಂದೂಡಿದ್ದಾರೆ. ಇನ್ನೊಂದೇ ಪ್ರಶ್ನೆ. ರಾತ್ರಿ ಬೆಂಕಿ ಹಾಕಿ ಕೂರಬಹುದಾ? ಮಕ್ಕಳಿಗಿಂತ ಅಪ್ಪನಿಗೇ ಆಸೆ.

ತುಮಕೂರು ಟೂ ಟಿಗಾರ್ಡ್

ಸೈಟಿನಲ್ಲಿ ಬೆಂಕಿ ಹಾಕಲೆಂದೇ ದುಂಡಗಿನ ಬಳೆ ಇದೆ, ಅದರೊಳಗೆ ಮಾತ್ರ. ಸೌದೆ ಅಲ್ಲೇ ಕೊಳ್ಳಿ, ಮನೆಯಿಂದ ತರಬೇಡಿ. ಸೌದೆಯ ಜೊತೆ ಮರ ತಿನ್ನುವ ಹುಳು ಊರೂರಿಗೆ ಹರಡುತ್ತದೆ ಅಂತ ಬೇಡ ಅನ್ನುತ್ತಾರೆ. ಒಣಗಾಳಿ ಇದ್ದರೆ ಬೆಂಕಿ ನಿಷೇಧ ಹಾಕುತ್ತಾರೆ, ಹೊರಡುವ ಹಿಂದಿನ ದಿನ ನೋಡಿಕೊಳ್ಳಿ. ರಾತ್ರಿ 10ರಿಂದ ಬೆಳಿಗ್ಗೆ 7ರ ತನಕ ಗಲಾಟೆ ಇಲ್ಲ. ಜುಲೈನಲ್ಲಿ ಸೂರ್ಯ ಮುಳುಗುವುದೇ ಒಂಬತ್ತರ ಮೇಲೆ, ಹಾಗಾಗಿ ಕತ್ತಲಲ್ಲಿ ಅಂತ್ಯಾಕ್ಷರಿಗೆ ಸಿಗುವುದು ಒಂದು ಗಂಟೆಗೂ ಕಡಿಮೆ. ಬೇಗ ಶುರು ಮಾಡಿ.